ಕೋಷ್ಟಕದಲ್ಲಿ ಮುಗಿಯದ ರೋಹಿತ: ಎಲೆಕ್ಟ್ರಾನಿಕ್ ಸಮರ ಮತ್ತು ನಮ್ಮ ಪಠ್ಯಪುಸ್ತಕ

2025ರ ಮೇ ತಿಂಗಳ ‘ಆಪರೇಷನ್ ಸಿಂಧೂರ’ದ ಬಳಿಕ ಕೇಂದ್ರ ಸರಕಾರ ಒಂದು ಪ್ರಕಟಣೆ ಹೊರಡಿಸಿತು. ನಮ್ಮ ವಾಯುಪಡೆಯು ಪಾಕಿಸ್ತಾನದ ಚೀನಾ ನಿರ್ಮಿತ ವಾಯುರಕ್ಷಣಾ ವ್ಯವಸ್ಥೆಗಳನ್ನು ಜಾಮ್ ಮಾಡಿ 23 ನಿಮಿಷಗಳಲ್ಲಿ ಕಾರ್ಯಾಚರಣೆ ಮುಗಿಸಿತು ಎಂದು ಅದರಲ್ಲಿ ಹೇಳಲಾಗಿತ್ತು. ‘ಜಾಮ್’ ಎಂಬ ಪದ ಅಂದಿನಿಂದ ಮನೆಮಾತಾಯಿತು. ರಾಡಾರ್ ಕುರುಡಾದ ಕಥೆ, ರಾಡಾರಿಗೆ ಕಾಣದ ವಿಮಾನದ ಕಥೆ, ಡ್ರೋನುಗಳನ್ನು ದಾರಿ ತಪ್ಪಿಸಿದ ಕಥೆ ಎಲ್ಲೆಡೆ ಹರಿದಾಡಿದವು. ಇವುಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು ಎಂದು ತೂಗಿ ನೋಡಬೇಕಾದರೆ ಒಂದಿಷ್ಟು ಭೌತಶಾಸ್ತ್ರ ಬೇಕು. ದ್ವಿತೀಯ ಪಿಯುಸಿ ಓದುವ ವಿದ್ಯಾರ್ಥಿ ಅದಕ್ಕಾಗಿ ತನ್ನ ಪುಸ್ತಕವನ್ನು ತೆರೆದರೆ ಅಲ್ಲಿ ಏನು ಸಿಗುತ್ತದೆ? ಈ ಲೇಖನದ ಉದ್ದೇಶ ಅದನ್ನು ಪರಿಶೀಲಿಸುವುದು.

ನಮ್ಮ ರಾಜ್ಯದ ಪದವಿಪೂರ್ವ ತರಗತಿಗಳಲ್ಲಿ ಎನ್‌ಸಿಇಆರ್‌ಟಿಯ ಭೌತಶಾಸ್ತ್ರ ಪುಸ್ತಕವೇ ಬಳಕೆಯಲ್ಲಿದೆ. ಅದರ ಎಂಟನೆಯ ಅಧ್ಯಾಯ ವಿದ್ಯುತ್ಕಾಂತೀಯ ಅಲೆಗಳನ್ನು ಕುರಿತದ್ದು. ಅಧ್ಯಾಯ ಚಿಕ್ಕದು, ಪರೀಕ್ಷೆಯಲ್ಲಿ ಅದಕ್ಕೆ ದಕ್ಕುವ ಅಂಕಗಳೂ ಕಡಿಮೆ. ಆದ್ದರಿಂದ ಬಹಳ ಕಡೆ ಒಂದೆರಡು ತರಗತಿಗಳಲ್ಲಿ ಅದು ಮುಗಿದುಹೋಗುತ್ತದೆ. ರೋಹಿತದ ಏಳು ಹೆಸರುಗಳನ್ನು ಕ್ರಮವಾಗಿ ಬರೆಯಲು ಬಂದರೆ ಸಾಕು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ.

ಪುಸ್ತಕದ ಹೆಚ್ಚುಗಾರಿಕೆ

ಟೀಕೆಗೆ ಮೊದಲು ಪುಸ್ತಕಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು. ಆಂಪಿಯರನ ನಿಯಮದಲ್ಲಿದ್ದ ಕೊರತೆಯನ್ನು ಮ್ಯಾಕ್ಸ್‌ವೆಲ್ ಹೇಗೆ ಕಂಡುಕೊಂಡ, ಸ್ಥಾನಪಲ್ಲಟ ಪ್ರವಾಹದ ಕಲ್ಪನೆಯಿಂದ ಅದನ್ನು ಹೇಗೆ ತುಂಬಿದ ಎಂಬುದನ್ನು ಅಧ್ಯಾಯ ಅಚ್ಚುಕಟ್ಟಾಗಿ ವಿವರಿಸುತ್ತದೆ. ಹರ್ಟ್ಸ್‌ನ ಪ್ರಯೋಗ ಅಲ್ಲಿದೆ. ಕೊಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ 25 ಮಿಲಿಮೀಟರಿನಿಂದ 5 ಮಿಲಿಮೀಟರ್‌ವರೆಗಿನ ತರಂಗದೂರದ ಅಲೆಗಳನ್ನು ಉತ್ಪಾದಿಸಿದ ಸಂಗತಿ ಇದೆ. ರೋಹಿತದ ಭಾಗಗಳ ನಡುವೆ ಗೆರೆ ಎಳೆದಂಥ ಗಡಿಗಳಿಲ್ಲ ಎಂಬ ಎಚ್ಚರಿಕೆಯೂ ಇದೆ.

ತೊಂದರೆ ಶುರುವಾಗುವುದು ಅದರ ನಂತರ. ರೇಡಿಯೋ ಅಲೆಯಿಂದ ಗಾಮಾ ಕಿರಣದವರೆಗೆ ಏಳು ಕಿರುಭಾಗಗಳು, ಕೊನೆಗೊಂದು ಕೋಷ್ಟಕ. ಪ್ರತಿ ಅಲೆಗೂ ಒಂದು ಗೂಡು. ಗೂಡಿನೊಳಗೆ ತರಂಗದೂರ, ಅಲೆ ಹುಟ್ಟುವ ಬಗೆ, ಅದನ್ನು ಪತ್ತೆ ಮಾಡುವ ಬಗೆ. ಮೈಕ್ರೋ ಅಲೆಯ ಗೂಡಿಗೆ ಬಂದಾಗ ರಾಡಾರಿನ ಪ್ರಸ್ತಾಪವಿದೆ. ಆದರೆ ಅದು ವಿಮಾನಗಳಿಗೆ ದಾರಿ ತೋರಲು, ಚೆಂಡು ಮತ್ತು ವಾಹನಗಳ ವೇಗ ಅಳೆಯಲು ಬಳಕೆಯಾಗುವ ಸಾಧನ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಸೇನೆಯ ಹೆಸರು ಬರುವುದು ಅವಕೆಂಪು ಕಿರಣಗಳ ಭಾಗದಲ್ಲಿ, ಉಪಗ್ರಹಗಳ ವಿಷಯದಲ್ಲಿ, ಬೆಳೆ ಸಮೀಕ್ಷೆಯ ಜೊತೆಗೆ.

ಇದು ಬರಿಯ ಉದಾಹರಣೆಯ ಕೊರತೆಯಲ್ಲ. ಕೋಷ್ಟಕದ ಲೋಕದಲ್ಲಿ ಒಬ್ಬ ಅಲೆಯನ್ನು ಕಳಿಸುತ್ತಾನೆ, ಇನ್ನೊಬ್ಬ ಅದನ್ನು ಪಡೆಯುತ್ತಾನೆ. ನಡುವೆ ಮೂರನೆಯವನಿಲ್ಲ, ಗದ್ದಲವಿಲ್ಲ, ಎರಡನೆಯವನು ಮೋಸಹೋಗುವ ಸಂಭವವಿಲ್ಲ. ನಿಜಲೋಕದ ರೋಹಿತ ಹೀಗಿಲ್ಲ. ಅಲ್ಲಿ ಕಳಿಸಿದ್ದನ್ನು ಯಾರು ಬೇಕಾದರೂ ಕೇಳಬಹುದು, ಕೇಳಿ ಅದರ ಮೂಲವನ್ನು ಹುಡುಕಬಹುದು, ಅದರ ಮೇಲೆ ಗದ್ದಲ ಸುರಿಯಬಹುದು, ಅದನ್ನೇ ಅನುಕರಿಸಿ ಸುಳ್ಳು ಸಂಕೇತ ಕಳಿಸಬಹುದು. ಎಲೆಕ್ಟ್ರಾನಿಕ್ ಸಮರ ಎಂದರೆ ಇಷ್ಟೇ: ಎದುರಾಳಿಯ ಅಲೆಗಳನ್ನು ಕೇಳುವುದು, ಕೆಡಿಸುವುದು, ವಂಚಿಸುವುದು, ತನ್ನ ಅಲೆಗಳಿಗೆ ಇವು ಮೂರೂ ಆಗದಂತೆ ನೋಡಿಕೊಳ್ಳುವುದು.

ಇದಕ್ಕೆ ಬೇಕಾದ ಪರಿಭಾಷೆ ಒಂದು ಕಾಲಕ್ಕೆ ಇದೇ ಪುಸ್ತಕದಲ್ಲಿತ್ತು. ಕೊನೆಯದಾಗಿದ್ದ ಹದಿನೈದನೆಯ ಅಧ್ಯಾಯ ಸಂವಹನ ವ್ಯವಸ್ಥೆಗಳನ್ನು ಕುರಿತದ್ದು. ಪ್ರೇಷಕ, ಗ್ರಾಹಕ, ಗದ್ದಲ, ಕ್ಷೀಣತೆ, ಬ್ಯಾಂಡ್‌ವಿಡ್ತ್ ಮುಂತಾದ ಮಾತುಗಳ ಅರ್ಥ ಅಲ್ಲಿ ಸಿಗುತ್ತಿತ್ತು. 2022ರಲ್ಲಿ ಹೊರೆ ಇಳಿಸುವ ನೆಪದಲ್ಲಿ ನಡೆದ ಪರಿಷ್ಕರಣೆಯಲ್ಲಿ ಎನ್‌ಸಿಇಆರ್‌ಟಿ ಆ ಅಧ್ಯಾಯವನ್ನೇ ಕೈಬಿಟ್ಟಿತು. ಆ ಅಧ್ಯಾಯ ತುಸು ಹಳತಾಗಿತ್ತು ಎಂಬುದು ನಿಜ. ಹಳತಾದದ್ದನ್ನು ತಿದ್ದಬೇಕಿತ್ತೇ ಹೊರತು ತೆಗೆದುಹಾಕಬೇಕಾಗಿರಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ರೇಡಿಯೋ ಪ್ರೇಷಕವೊಂದು ಕುಳಿತಿರುವ ಕಾಲದಲ್ಲಿ ಪ್ರೇಷಕವೆಂದರೇನು ಎಂಬ ಪಾಠವೇ ಹೊರಬಿದ್ದದ್ದು ವಿಚಿತ್ರ.

ಗದ್ದಲದ ಇತಿಹಾಸ

ರೇಡಿಯೋ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದನ್ನು ಕೆಡಿಸುವ ವಿದ್ಯೆಯೂ ಹುಟ್ಟಿತು. 1904ರ ಏಪ್ರಿಲ್‌ನಲ್ಲಿ, ರಷ್ಯಾ-ಜಪಾನ್ ಯುದ್ಧದ ಕಾಲಕ್ಕೆ, ಪೋರ್ಟ್ ಆರ್ಥರ್ ಬಂದರಿನ ಮೇಲೆ ಜಪಾನಿ ನೌಕೆಗಳು ಗುಂಡಿನ ದಾಳಿ ನಡೆಸುತ್ತಿದ್ದವು. ಗುಂಡುಗಳು ಎಲ್ಲಿ ಬೀಳುತ್ತಿವೆ ಎಂಬುದನ್ನು ನಿಸ್ತಂತು ತಂತಿಯ ಮೂಲಕ ತಿಳಿಸಲಾಗುತ್ತಿತ್ತು. ರಷ್ಯನ್ನರು ತಮ್ಮ ಪ್ರೇಷಕಗಳಿಂದ ಅದೇ ಹೊತ್ತಿಗೆ ಗದ್ದಲ ಎಬ್ಬಿಸಿ ಆ ಸಂದೇಶಗಳನ್ನು ಕೆಡಿಸಿದರು. ಜಾಮಿಂಗಿನ ಮೊದಲ ಯಶಸ್ವಿ ಪ್ರಯೋಗಗಳಲ್ಲಿ ಇದೂ ಒಂದು.

1943ರ ಜುಲೈ ಕೊನೆಯ ವಾರ ಬ್ರಿಟಿಷ್ ವಿಮಾನಗಳು ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲೆ ದಾಳಿ ಮಾಡುವಾಗ ಅಲ್ಯೂಮಿನಿಯಂ ಲೇಪದ ಕಾಗದದ ಪಟ್ಟಿಗಳನ್ನು ಕಂತೆಕಂತೆಯಾಗಿ ಆಕಾಶದಲ್ಲಿ ಚೆಲ್ಲಿದವು. ಒಂದೊಂದು ಪಟ್ಟಿಯ ಉದ್ದ ಸುಮಾರು 27 ಸೆಂಟಿಮೀಟರ್. ಅಷ್ಟೇ ಏಕೆ? ಜರ್ಮನರ ‘ವುರ್ಟ್ಸ್‌ಬರ್ಗ್’ ರಾಡಾರ್ ಸುಮಾರು 560 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತಿತ್ತು. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 54 ಸೆಂಟಿಮೀಟರ್. ಅದರ ಅರ್ಧ 27. ಅರ್ಧ ತರಂಗದೂರದಷ್ಟು ಉದ್ದದ ಲೋಹದ ಪಟ್ಟಿ ಆ ಅಲೆಗೆ ಅನುರಣಿಸಿ ಅದನ್ನು ಬಲವಾಗಿ ಹಿಂದಕ್ಕೆ ಎರಚುತ್ತದೆ. ರಾಡಾರ್ ಪರದೆಯ ಮೇಲೆ ವಿಮಾನ ಯಾವುದು, ಕಾಗದ ಯಾವುದು ಎಂದು ತಿಳಿಯದಾಯಿತು. ಆ ಸರಣಿ ದಾಳಿಗಳಲ್ಲಿ ಹ್ಯಾಂಬರ್ಗಿನ ಮೂವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರು. ಈ ಎರಡು ಸಂಖ್ಯೆಗಳನ್ನೂ, 27 ಸೆಂಟಿಮೀಟರನ್ನೂ ಮೂವತ್ತು ಸಾವಿರವನ್ನೂ, ತರಗತಿಯಲ್ಲಿ ಒಟ್ಟಿಗೇ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಇದೇ ಲೆಕ್ಕವನ್ನು ನಮ್ಮ ಊರಿಗೂ ಅನ್ವಯಿಸಬಹುದು. ಆಕಾಶವಾಣಿ ಮೈಸೂರು ಕೇಂದ್ರದ ಆವೃತ್ತಿ 100.6 ಮೆಗಾಹರ್ಟ್ಸ್. ತರಂಗದೂರ ಸುಮಾರು 3 ಮೀಟರ್. ಅದಕ್ಕೆ ಅನುರಣಿಸುವ ಪಟ್ಟಿ ಒಂದೂವರೆ ಮೀಟರ್ ಇರಬೇಕು. ಅಂದಹಾಗೆ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಮೈಸೂರಿನಿಂದಲೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕವನ್ನಿಟ್ಟು ಆರಂಭಿಸಿದ ನಿಲಯದ ಹೆಸರದು. ರೇಡಿಯೋ ಅಲೆ ಈ ಊರಿಗೆ ಬಂದದ್ದು ಸಂಗೀತ ಮತ್ತು ಭಾಷಣಗಳ ವಾಹನವಾಗಿ.

ಅದೇ ಅಲೆ ಏಳು ವರ್ಷಗಳ ನಂತರ ಮುಂಬಯಿಯಲ್ಲಿ ಬೇರೆ ರೂಪ ತಾಳಿತು. 1942ರ ಕ್ವಿಟ್ ಇಂಡಿಯಾ ಚಳವಳಿಯ ಸಮಯದಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ ‘ಕಾಂಗ್ರೆಸ್ ರೇಡಿಯೋ’ ನಡೆಸಿದರು. ತರಂಗದೂರ 42.34 ಮೀಟರ್, ಅಂದರೆ ಆವೃತ್ತಿ ಸುಮಾರು 7.09 ಮೆಗಾಹರ್ಟ್ಸ್. ಅವರು ಪ್ರೇಷಕವನ್ನು ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತಿದ್ದರು. ಏಕೆಂದರೆ ಅಲೆಯ ದಿಕ್ಕನ್ನು ಪತ್ತೆಮಾಡುವ ಉಪಕರಣಗಳಿದ್ದ ಪೊಲೀಸ್ ವ್ಯಾನುಗಳು ಬೆನ್ನು ಹತ್ತಿದ್ದವು. ಎರಡು ಬೇರೆ ಬೇರೆ ಜಾಗಗಳಿಂದ ಅಲೆ ಬರುವ ದಿಕ್ಕನ್ನು ಗುರುತಿಸಿ ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ, ಅವು ಸೇರುವ ಬಿಂದುವೇ ಪ್ರೇಷಕವಿರುವ ತಾಣ. ನವೆಂಬರ್ 12ರಂದು ಅವರ ಬಂಧನವಾಯಿತು. ಮಾತಾಡಿದವನು ತಾನಿರುವ ಜಾಗವನ್ನೂ ಹೇಳಿಬಿಡುತ್ತಾನೆ ಎಂಬುದು ಎಲೆಕ್ಟ್ರಾನಿಕ್ ಸಮರದ ಮೊದಲ ಪಾಠ. ಸ್ವಾತಂತ್ರ್ಯ ಹೋರಾಟದ ಈ ಅಧ್ಯಾಯವನ್ನು ಇತಿಹಾಸದ ಮೇಷ್ಟರು ಹೇಳುತ್ತಾರೆ, ಅದರೊಳಗಿನ ಭೌತಶಾಸ್ತ್ರವನ್ನು ಹೇಳುವವರಿಲ್ಲ.

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ

ಈಗ ಜಾಮಿಂಗಿನ ಪ್ರಶ್ನೆಗೆ ಬರೋಣ. ಇದಕ್ಕೆ ಬೇಕಾದದ್ದು ವಿಲೋಮ ವರ್ಗ ನಿಯಮವೊಂದೇ. ಒಂದು ಆಕರದಿಂದ ಶಕ್ತಿ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ, ಯಾವುದೇ ದೂರದಲ್ಲಿ ತೀವ್ರತೆ ಎಂದರೆ ಆಕರದ ಸಾಮರ್ಥ್ಯವನ್ನು 4 × ಪೈ × ದೂರದ ವರ್ಗದಿಂದ ಭಾಗಿಸಿದ ಬೆಲೆ.

ಚಾಮುಂಡಿ ಬೆಟ್ಟದ ಮೇಲೆ ಒಂದು ರಾಡಾರ್ ಇದೆಯೆಂದು ಊಹಿಸಿಕೊಳ್ಳಿ. ಅದರ ಸಾಮರ್ಥ್ಯ 100 ಕಿಲೋವ್ಯಾಟ್ ಇರಲಿ. ಅದರ ಆಂಟೆನಾ ಶಕ್ತಿಯನ್ನು ಸುತ್ತಲೂ ಚೆಲ್ಲದೆ ಒಂದೇ ದಿಕ್ಕಿಗೆ ಕೂಡಿಸಿ ಕಳಿಸುವುದರಿಂದ ಆ ದಿಕ್ಕಿನಲ್ಲಿ ತೀವ್ರತೆ 1000 ಪಟ್ಟು ಹೆಚ್ಚಲಿ. ನೇರ ದೂರದಲ್ಲಿ ಸುಮಾರು 100 ಕಿಲೋಮೀಟರ್, ಅಂದರೆ ಬಿಡದಿಯ ಮೇಲೆ, ಒಂದು ವಿಮಾನ ಮೈಸೂರಿನ ಕಡೆಗೆ ಬರುತ್ತಿದೆ. ವಿಮಾನದ ಬಳಿ ರಾಡಾರ್ ಅಲೆಯ ತೀವ್ರತೆ ಎಷ್ಟು? ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 0.8 ಮಿಲಿವ್ಯಾಟ್. ಚಿಕ್ಕ ಗ್ರಾಹಕವೊಂದು ಇದನ್ನು ಸುಲಭವಾಗಿ ಗುರುತಿಸುತ್ತದೆ.

ವಿಮಾನ ಈ ಅಲೆಗೆ 5 ಚದರ ಮೀಟರಿನ ಗುರಿಯಂತೆ ವರ್ತಿಸುತ್ತದೆ ಎನ್ನೋಣ. ಅದು ಹಿಡಿದು ಎಲ್ಲೆಡೆ ಎರಚುವ ಶಕ್ತಿ ಕೇವಲ 4 ಮಿಲಿವ್ಯಾಟ್. ಇದು ಮತ್ತೆ 100 ಕಿಲೋಮೀಟರ್ ಹರಡಿಕೊಂಡು ಬೆಟ್ಟಕ್ಕೆ ಹಿಂದಿರುಗಬೇಕು. ಬೆಟ್ಟವನ್ನು ಮುಟ್ಟಿದಾಗ ಅದರ ತೀವ್ರತೆ ಚದರ ಮೀಟರಿಗೆ ಸುಮಾರು 3 × 10⁻¹⁴ ವ್ಯಾಟ್. ವಿಮಾನ ಕೇಳುವ ಅಲೆಗಿಂತ ರಾಡಾರ್ ಕೇಳುವ ಪ್ರತಿಧ್ವನಿ ಸುಮಾರು 2500 ಕೋಟಿ ಪಟ್ಟು ದುರ್ಬಲ!

ಈ ಒಂದು ಅಂಕಿಯಲ್ಲಿ ಹಲವು ಸಂಗತಿಗಳಿವೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ವರ್ಗ ನಿಯಮ ಅನ್ವಯಿಸುವುದರಿಂದ ಪ್ರತಿಧ್ವನಿಯ ಬಲ ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ ರಾಡಾರ್ ವಿಮಾನವನ್ನು ನೋಡುವ ಬಹಳ ಮೊದಲೇ ವಿಮಾನ ರಾಡಾರಿನ ಇರವನ್ನು ಅರಿಯುತ್ತದೆ. ಯುದ್ಧವಿಮಾನಗಳಲ್ಲಿ ಅಳವಡಿಸುವ ರಾಡಾರ್ ಎಚ್ಚರಿಕೆ ಗ್ರಾಹಕದ ತತ್ತ್ವ ಇದೇ.

ಇನ್ನು ಜಾಮಿಂಗ್. ವಿಮಾನದಲ್ಲಿ ಬರೀ 1 ವ್ಯಾಟಿನ ಪ್ರೇಷಕವಿದ್ದು, ಅದು ರಾಡಾರಿನ ಆವೃತ್ತಿಯಲ್ಲೇ ಎಲ್ಲ ದಿಕ್ಕಿಗೂ ಗದ್ದಲ ಹೊರಡಿಸುತ್ತಿದೆ ಎನ್ನಿ. ವಿಮಾನದಿಂದ ಹೊರಡುವ ಪ್ರತಿಧ್ವನಿ 4 ಮಿಲಿವ್ಯಾಟ್, ಗದ್ದಲ 1000 ಮಿಲಿವ್ಯಾಟ್. ಬೆಟ್ಟದ ಮೇಲಿನ ರಾಡಾರಿಗೆ ಪ್ರತಿಧ್ವನಿಗಿಂತ ಗದ್ದಲ 250 ಪಟ್ಟು ಜೋರಾಗಿ ಕೇಳಿಸುತ್ತದೆ. ಲಕ್ಷ ವ್ಯಾಟಿನ ರಾಡಾರನ್ನು ಒಂದು ವ್ಯಾಟಿನ ಉಪಕರಣ ಮಂಕುಗೊಳಿಸಿತು. ಇದರಲ್ಲಿ ಮಾಯೆಯೇನೂ ಇಲ್ಲ. ಗದ್ದಲ ಒಂದು ದಾರಿ ನಡೆದರೆ ಪ್ರತಿಧ್ವನಿ ಎರಡು ದಾರಿ ನಡೆಯಬೇಕು.

ಆದರೆ ಜಾಮರಿನ ಗೆಲುವೂ ಶಾಶ್ವತವಲ್ಲ. ವಿಮಾನ ಹತ್ತಿರ ಬಂದಂತೆ, ದೂರ ಅರ್ಧವಾದರೆ ಗದ್ದಲ 4 ಪಟ್ಟು ಹೆಚ್ಚುತ್ತದೆ, ಪ್ರತಿಧ್ವನಿಯಾದರೋ 16 ಪಟ್ಟು. ಎಲ್ಲೋ ಒಂದು ಕಡೆ ಎರಡೂ ಸಮವಾಗಲೇಬೇಕು. ನಮ್ಮ ಲೆಕ್ಕದಲ್ಲಿ ಆ ದೂರ ಸುಮಾರು 6.3 ಕಿಲೋಮೀಟರ್. ವಿಮಾನ ಬನ್ನಿಮಂಟಪವನ್ನೂ ದಾಟಿ ಒಳಬಂದ ಮೇಲೆ ರಾಡಾರ್ ಗದ್ದಲವನ್ನು ಸೀಳಿಕೊಂಡು ಅದನ್ನು ಕಾಣುತ್ತದೆ. ನಿಜವಾದ ರಾಡಾರುಗಳು ಆವೃತ್ತಿಯನ್ನು ಕ್ಷಣಕ್ಷಣಕ್ಕೆ ಬದಲಿಸುತ್ತವೆ, ಜಾಮರು ತನ್ನ ಶಕ್ತಿಯನ್ನು ಅಗಲವಾದ ಪಟ್ಟಿಯಲ್ಲಿ ಹಂಚಬೇಕಾಗುತ್ತದೆ. ಹಾಗಾಗಿ ಅಂಕಿಗಳು ಬದಲಾಗುತ್ತವೆ, ತರ್ಕ ಬದಲಾಗದು.

‘ರಾಡಾರಿಗೆ ಕಾಣದ ವಿಮಾನ’ದ ಮಾತನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಿ. ವಿಮಾನದ ಆಕಾರ, ಲೇಪಗಳನ್ನು ಬದಲಿಸಿ ಪ್ರತಿಫಲನವನ್ನು ಹತ್ತು ಸಾವಿರ ಪಟ್ಟು ಕಡಿಮೆ ಮಾಡಿದರು ಎನ್ನಿ. ಮಹತ್ವದ ಸಾಧನೆಯೇ ಸರಿ. ಆದರೆ ನಾಲ್ಕನೆಯ ಘಾತದ ನಿಯಮವಿರುವುದರಿಂದ ರಾಡಾರ್ ನೋಡುವ ದೂರ ಕಡಿಮೆಯಾಗುವುದು ಹತ್ತು ಸಾವಿರದ ನಾಲ್ಕನೆಯ ಮೂಲದಷ್ಟು, ಅಂದರೆ ಹತ್ತು ಪಟ್ಟು ಮಾತ್ರ. 100 ಕಿಲೋಮೀಟರಿನಲ್ಲಿ ಕಾಣುತ್ತಿದ್ದದ್ದು 10 ಕಿಲೋಮೀಟರಿನಲ್ಲಿ, ಶ್ರೀರಂಗಪಟ್ಟಣ ದಾಟಿದ ಮೇಲೆ ಕಾಣುತ್ತದೆ. ಯುದ್ಧದಲ್ಲಿ ಈ ವ್ಯತ್ಯಾಸ ನಿರ್ಣಾಯಕ. ಆದರೂ ಅದನ್ನು ‘ಅದೃಶ್ಯ’ ಎನ್ನಲಾಗದು. ಇಷ್ಟು ಲೆಕ್ಕ ಬಲ್ಲ ವಿದ್ಯಾರ್ಥಿ ಪತ್ರಿಕೆಯ ತಲೆಬರಹವನ್ನು ತಾನೇ ತಿದ್ದಿಕೊಳ್ಳಬಲ್ಲ.

ನಮ್ಮ ಅಂಗಳದಲ್ಲೇ ಇರುವ ವಿದ್ಯೆ

ಪಠ್ಯದ ಈ ಮೌನ ಕರ್ನಾಟಕದ ಮಟ್ಟಿಗೆ ಇನ್ನೂ ಹೆಚ್ಚು ಅಸಂಗತ. ದೇಶದ ಈ ಕ್ಷೇತ್ರದ ಕೆಲಸದಲ್ಲಿ ದೊಡ್ಡ ಪಾಲು ನಡೆಯುವುದು ನಮ್ಮಿಂದ ಮೂರು ಗಂಟೆಯ ಹಾದಿಯಲ್ಲಿರುವ ಬೆಂಗಳೂರಿನಲ್ಲಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾಯಿತು. ರಾಡಾರ್ ಅಭಿವೃದ್ಧಿಗೆಂದೇ ಇರುವ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ಅಲ್ಲಿದೆ. ವಿಮಾನಗಳ ಎಲೆಕ್ಟ್ರಾನಿಕ್ ಸಮರ ಸಾಧನಗಳನ್ನು ರೂಪಿಸುವ ಡೇರ್ ಎಂಬ ಪ್ರಯೋಗಾಲಯವೂ ಅಲ್ಲಿದೆ. ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯ ಭಾರತ್ ಎಲೆಕ್ಟ್ರಾನಿಕ್ಸ್ ಮೊದಲಾದ ಸಂಸ್ಥೆಗಳೊಡನೆ ಸೇರಿ ಭೂಸೇನೆಗಾಗಿ ರೂಪಿಸಿದ ‘ಸಂಯುಕ್ತ’ ವ್ಯವಸ್ಥೆಯ ವ್ಯಾಪ್ತಿ 1.5 ಮೆಗಾಹರ್ಟ್ಸ್‌ನಿಂದ 40 ಗಿಗಾಹರ್ಟ್ಸ್‌ವರೆಗೆ. ತರಂಗದೂರಕ್ಕೆ ಬದಲಿಸಿದರೆ 200 ಮೀಟರಿನಿಂದ 7.5 ಮಿಲಿಮೀಟರ್. ಪುಸ್ತಕದ ಎರಡು ಗೂಡುಗಳನ್ನು ಇದೊಂದೇ ವ್ಯವಸ್ಥೆ ದಾಟಿ ನಿಂತಿದೆ. ಕೆಳತುದಿಯಲ್ಲಿ ನಾವು ಆಕಾಶವಾಣಿ ಕೇಳುವ ಮಧ್ಯಮ ತರಂಗ, ಮೇಲ್ತುದಿಯಲ್ಲಿ ಬೋಸರು ಪ್ರಯೋಗ ಮಾಡಿದ ಮಿಲಿಮೀಟರ್ ಅಲೆ.

ಎಲ್‌ಆರ್‌ಡಿಇ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಕೂಡಿ ರೂಪಿಸಿದ ‘ಸ್ವಾತಿ’ ರಾಡಾರ್ ಇನ್ನೊಂದು ಒಳ್ಳೆಯ ಉದಾಹರಣೆ. ಶತ್ರುವಿನ ತೋಪಿನಿಂದ ಹಾರಿದ ಗುಂಡಿನ ಪಥದ ಒಂದು ತುಣುಕನ್ನು ಅದು ಗಮನಿಸುತ್ತದೆ. ಆ ತುಣುಕಿನಿಂದ ಹಿಂದಕ್ಕೆ ಲೆಕ್ಕ ಹಾಕಿ ತೋಪು ಎಲ್ಲಿದೆಯೆಂದು ಹೇಳುತ್ತದೆ. ಪ್ರಥಮ ಪಿಯುಸಿಯ ಉತ್ಕ್ಷೇಪಕ ಚಲನೆಗೆ ಗಾಳಿಯ ಎಳೆತವನ್ನು ಸೇರಿಸಿಕೊಂಡರೆ ಅದೇ ಇದು.

ಈ ವಿದ್ಯೆಯ ಹಿಂದೆ ಮನುಷ್ಯರೂ ಇದ್ದಾರೆ. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋ ಅಲೆ ಮತ್ತು ಆಂಟೆನಾಗಳ ಸಂಶೋಧನೆ ನಡೆಸಿ, ತಲೆಮಾರುಗಳ ಎಂಜಿನಿಯರುಗಳಿಗೆ ಪಾಠ ಹೇಳಿದರು. ಬೋಸ್ ಮತ್ತು ಮಾರ್ಕೋನಿಯ ಹೆಸರು ಹೇಳುವ ತರಗತಿಯಲ್ಲಿ ಇವರ ಹೆಸರನ್ನೂ ಹೇಳಿದರೆ ಮುಂದಿನ ಬೆಂಚಿನ ಹುಡುಗಿಯರಿಗೆ ಈ ವಿಷಯ ದೂರದ್ದೆನಿಸದು. ಈ ಕೆಲಸಕ್ಕೆ ಬೆಲೆ ತೆತ್ತವರೂ ಇದ್ದಾರೆ. ಆಕಾಶದಿಂದಲೇ ಕಣ್ಗಾವಲು ಮಾಡುವ ರಾಡಾರ್ ವಿಮಾನದ ಬೆಂಗಳೂರಿನ ಯೋಜನೆಯಲ್ಲಿ, ರಾಡಾರ್ ಗುಮ್ಮಟ ಹೊತ್ತ ಪ್ರಾಯೋಗಿಕ ಆವ್ರೋ ವಿಮಾನ 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ನೆಲಕ್ಕಪ್ಪಳಿಸಿ ಎಂಟು ಮಂದಿ ತೀರಿಕೊಂಡರು. ಕೆಲಸ ಮತ್ತೆ ಬೇರೆ ವಿನ್ಯಾಸದೊಂದಿಗೆ ಮುಂದುವರಿಯಿತು. ‘ನೇತ್ರ’ ವಿಮಾನ ವಾಯುಪಡೆಯ ಕೈಸೇರಿದ್ದು 2017ರ ಫೆಬ್ರವರಿಯಲ್ಲಿ. ಗೂಡಿನೊಳಗಿನ ಒಂದು ಸಾಲಿನ ಹಿಂದೆ ಇಷ್ಟು ದೀರ್ಘ ಕಥೆ ಇದೆ.

ಇದು ಸೈನಿಕರ ವಿಷಯ ಮಾತ್ರವೇ?

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಹದಿನೇಳರ ಮಕ್ಕಳಿಗೆ ಯುದ್ಧವಿದ್ಯೆ ಏಕೆ, ವಿಜ್ಞಾನದ ತರಗತಿ ಶಾಂತಿಯ ಜಾಗವಾಗಿಯೇ ಉಳಿಯಲಿ ಎಂದು ಕೆಲವು ಹಿರಿಯ ಅಧ್ಯಾಪಕರು ಹೇಳುತ್ತಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ತರಗತಿ ಮೌನವಾಗಿದ್ದರೆ ಮಕ್ಕಳ ಮನಸ್ಸು ಖಾಲಿಯಾಗಿ ಉಳಿಯುವುದಿಲ್ಲ. ಆ ಜಾಗವನ್ನು ಅಬ್ಬರದ ಕಾರ್ಯಕ್ರಮಗಳು, ಮೊಬೈಲಿನ ವೀಡಿಯೊಗಳು ತುಂಬುತ್ತವೆ. ಅಲ್ಲಿ ಹ್ಯಾಂಬರ್ಗಿನ ಎರಡನೆಯ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ. ಯುದ್ಧದ ವೈಭವೀಕರಣಕ್ಕೆ ಲೆಕ್ಕಾಚಾರದಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ.

ಅಲ್ಲದೆ ರೋಹಿತದ ಸಮರ ಗಡಿಯಲ್ಲೇ ನಿಲ್ಲುವಂಥದ್ದಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ನೆಲದ ಮೇಲೆ ನಮ್ಮ ಫೋನಿಗೆ ಅವುಗಳಿಂದ ಸಿಗುವ ಸಂಕೇತದ ಸಾಮರ್ಥ್ಯ ಸುಮಾರು 10⁻¹⁶ ವ್ಯಾಟ್. ಒಂದು ವ್ಯಾಟನ್ನು ಕೋಟಿ ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ನೂರಾಗಿ ಹಂಚಿದರೆ ಬರುವಷ್ಟು. ಇಷ್ಟು ನವಿರಾದ ಪಿಸುಮಾತನ್ನು ಅಡಗಿಸಲು ಅಂಗೈಯಗಲದ ಪ್ರೇಷಕ ಸಾಕು. ಅದನ್ನೇ ಅನುಕರಿಸಿ ಸುಳ್ಳು ತಾಣ ತೋರಿಸುವುದೂ ಸಾಧ್ಯ. ಎಸ್ಟೋನಿಯಾದ ತಾರ್ತು ನಗರಕ್ಕೆ ಫಿನ್ಏರ್ ಸಂಸ್ಥೆ ಜಿಪಿಎಸ್ ಅಡಚಣೆಯ ಕಾರಣಕ್ಕೆ 2024ರಲ್ಲಿ ಸುಮಾರು ಒಂದು ತಿಂಗಳು ವಿಮಾನ ಸಂಚಾರ ನಿಲ್ಲಿಸಿತು. ನಮ್ಮಲ್ಲಿ ದೆಹಲಿ ವಿಮಾನ ನಿಲ್ದಾಣದ ಬಳಿ ಇಂಥ ವಂಚಕ ಸಂಕೇತಗಳು ಕಂಡುಬಂದುದನ್ನು ಕೇಂದ್ರ ಸರಕಾರ 2025ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಒಪ್ಪಿಕೊಂಡಿತು. ಅಡಚಣೆಯ ವರದಿಗಳು ಬಂದ ನಿಲ್ದಾಣಗಳ ಸಾಲಿನಲ್ಲಿ ಬೆಂಗಳೂರೂ ಇತ್ತು.

ಅಲೆಗಳು ಯಾರ ಸೊತ್ತು? 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಕೆರೆ, ಗೋಮಾಳಗಳಂತೆ ರೋಹಿತವೂ ಊರೊಟ್ಟಿನದು ಎಂದಾದರೆ ಅದನ್ನು ಕೆಡಿಸುವವರ ವಿಷಯ ಊರಿನವರಿಗೆಲ್ಲ ತಿಳಿದಿರಬೇಕು.

ಪ್ರಕೃತಿಯ ನಿಯಮಗಳು ಇಬ್ಬರಿಗೂ ಒಂದೇ ಎಂಬ ಪಾಠಕ್ಕೂ ಇಲ್ಲಿ ಜಾಗವಿದೆ. ಉಕ್ರೇನ್ ಯುದ್ಧದಲ್ಲಿ ರೇಡಿಯೋ ನಿಯಂತ್ರಿತ ಡ್ರೋನುಗಳನ್ನು ಜಾಮರುಗಳು ಕೆಡವತೊಡಗಿದಾಗ, ಎರಡೂ ಕಡೆಯವರು ಕೂದಲೆಳೆಯಂಥ ದ್ಯುತಿ ತಂತುವನ್ನು ಬಿಚ್ಚಿಕೊಂಡು ಹಾರುವ ಡ್ರೋನುಗಳನ್ನು ಬಳಸತೊಡಗಿದರು. ತಂತುವಿನೊಳಗಿನ ಬೆಳಕು ಹೊರಗೆ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಎಂಟನೆಯ ಅಧ್ಯಾಯದ ಪ್ರಶ್ನೆಗೆ ಒಂಬತ್ತನೆಯ ಅಧ್ಯಾಯದ ಸಂಪೂರ್ಣ ಆಂತರಿಕ ಪ್ರತಿಫಲನ ಉತ್ತರ ಕೊಟ್ಟಿತು.

ಅಧ್ಯಾಪಕರು ಮಾಡಬಹುದಾದದ್ದು

ಪುಸ್ತಕ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಒಂದೇ ಒಂದು ಹೆಚ್ಚುವರಿ ತರಗತಿ ಸಾಕು. ಮೊದಲ ಹತ್ತು ನಿಮಿಷ 42.34 ಮೀಟರಿನ ಆವೃತ್ತಿ ಕಂಡುಹಿಡಿಯಲಿ. ನಂತರ ಕಾಲೇಜಿನ ನಕ್ಷೆಯ ಮೇಲೆ ಎರಡು ಕಡೆಯಿಂದ ದಿಕ್ಸೂಚಿ ಹಿಡಿದು ಒಂದು ಮರದ ತಾಣವನ್ನು ಗೆರೆ ಎಳೆದು ಗುರುತಿಸಲಿ. ಆಮೇಲೆ ಚಾಮುಂಡಿ ಬೆಟ್ಟದ ಲೆಕ್ಕವನ್ನು ತಮ್ಮ ಊರಿನ ಬೆಟ್ಟಕ್ಕೆ ಬದಲಿಸಿಕೊಂಡು ಮಾಡಲಿ. ಎಫ್ಎಂ ಕೇಳಿಸುತ್ತಿರುವ ಪುಟ್ಟ ರೇಡಿಯೋವನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಏನಾಗುತ್ತದೆಂದು ನೋಡಲಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಅನುಮತಿಯಿಲ್ಲದೆ ಜಾಮರ್ ಇಟ್ಟುಕೊಳ್ಳುವುದು, ಬಳಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ವಿಜ್ಞಾನ ಮೇಳಕ್ಕೆಂದು ಅದನ್ನು ತಯಾರಿಸಲು ಯಾರೂ ಹೊರಡಬಾರದು.

ಪಠ್ಯ ರಚನಾಕಾರರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕೋಷ್ಟಕ ಇರಲಿ, ಅದರ ಕೆಳಗೆ ಒಂದು ಪುಟ ಸೇರಲಿ. ಅಲೆ ಕಳಿಸುವವನು, ಪಡೆಯುವವನು ಇವರೊಂದಿಗೆ ಕದ್ದು ಕೇಳುವವನೂ ಕೆಡಿಸುವವನೂ ಅದರಲ್ಲಿ ಇರಲಿ. ಕೈಬಿಟ್ಟ ಹದಿನೈದನೆಯ ಅಧ್ಯಾಯದಿಂದ ಗದ್ದಲ, ಕ್ಷೀಣತೆ, ಬ್ಯಾಂಡ್‌ವಿಡ್ತ್ ಎಂಬ ಮೂರು ಪರಿಕಲ್ಪನೆಗಳಾದರೂ ಮರಳಿ ಬರಲಿ. ದೂರದ ನಾಲ್ಕನೆಯ ಘಾತದ ಮೇಲೆ ಒಂದು ಅಭ್ಯಾಸ ಲೆಕ್ಕವಿರಲಿ. ಇದರಿಂದ ಹೊರೆ ಹೆಚ್ಚದು. ಮುಂದೆ ಜಾಲಹಳ್ಳಿಯ ಕಾರ್ಖಾನೆಗೋ ಪ್ರಯೋಗಾಲಯಕ್ಕೋ ಹೋಗುವವರು ಕೆಲವರೇ ಇರಬಹುದು. ಸುದ್ದಿಯನ್ನು ಓದಿ ಅದು ಸರಿಯೇ ತಪ್ಪೇ ಎಂದು ತೀರ್ಮಾನಿಸಬೇಕಾದವರು ಮಾತ್ರ ತರಗತಿಯಲ್ಲಿ ಕುಳಿತ ಎಲ್ಲರೂ.